ಸದ್ದಿಲ್ಲದ ಜೀಪು ಏರು ಹತ್ತೀತೆ?

ಕಾರು ಕೊಂಡವರು ಅದರ ಮೈಲೇಜಿನ ಬಗ್ಗೆ ಮಾತನಾಡುತ್ತಾರೆ. ಜೀಪು ಕೊಂಡವರು ಅದು ಎಲ್ಲೆಲ್ಲಿ ಹೂತುಕೊಂಡಿತ್ತು ಎಂಬುದನ್ನು ಹೇಳುತ್ತಾರೆ. ಮೂಡಿಗೆರೆ, ಕಳಸ, ಸಕಲೇಶಪುರ, ಸೋಮವಾರಪೇಟೆ ಕಡೆಯ ಮದುವೆ ಮನೆಗಳಲ್ಲಿ ಊಟ ಮುಗಿದು ಎಲೆಅಡಿಕೆ ಬಾಯಿಗೆ ಬಿದ್ದ ಮೇಲೆ ನಾಲ್ಕು ಮಂದಿ ಗಂಡಸರು ಒಂದೆಡೆ ಸೇರಿದರೆಂದರೆ ಮಾತು ಕಾಫಿ ರೇಟಿನಿಂದ ಹೊರಟು, ಕಾಳುಮೆಣಸಿಗೆ ಬಂದು, ಕಾಡಾನೆಯನ್ನು ಬಳಸಿಕೊಂಡು ಕೊನೆಗೆ ಜೀಪಿನ ಬಳಿ ಬಂದು ನಿಲ್ಲುತ್ತದೆ. ಯಾವ ವರ್ಷದ ಆರಿದ್ರಾ ಮಳೆಯಲ್ಲಿ, ಯಾವ ಏರಿನಲ್ಲಿ, ಎಷ್ಟು ಚೀಲ ಗೊಬ್ಬರ ಹೇರಿಕೊಂಡು, ಯಾರ ಜೀಪು ಹಿಂದಕ್ಕೆ ಜಾರಿತು, ಯಾರದು ಜಾರದೆ ಹತ್ತಿತು ಎಂಬ ವೃತ್ತಾಂತ ಸಾಂಗವಾಗಿ ನಡೆಯುತ್ತದೆ. ಹೇಳುತ್ತ ಹೇಳುತ್ತ ಅಂದಿನ ಕೆಸರಿನ ಆಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುವುದೂ ಉಂಟು. ಅದಕ್ಕೆ ಯಾರೂ ಆಕ್ಷೇಪಣೆ ಎತ್ತುವುದಿಲ್ಲ. ಎತ್ತಿದವನ ಕೆಸರಿಗೂ ಇನ್ನೊಬ್ಬರು ಅಳತೆಗೋಲು ಹಿಡಿದಾರು ಎಂಬ ಭಯ.

ಈಚೆಗೆ ಈ ಮಾತಿನ ನಡುವೆ ಹೊಸದೊಂದು ಪ್ರಶ್ನೆ ತೂರಿಕೊಂಡಿದೆ. "ಬ್ಯಾಟರಿ ಜೀಪು ಬರ್ತದಂತಲ್ಲ, ಹೌದಾ ಮಾರಾಯ್ರೆ?"

ಪ್ರಶ್ನೆ ಗಾಳಿಯಿಂದ ಹುಟ್ಟಿದ್ದಲ್ಲ. 2023ರ ಆಗಸ್ಟ್ 15ರಂದು ಮಹೀಂದ್ರಾ ಕಂಪನಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಥಾರ್ ಜೀಪಿನ ವಿದ್ಯುತ್ ಅವತಾರದ ಒಂದು ಮಾದರಿಯನ್ನು ಪರದೆ ಸರಿಸಿ ತೋರಿಸಿತು. ಎರಡು ವರ್ಷ ಕಳೆದು 2025ರ ಅದೇ ಆಗಸ್ಟ್ 15ರಂದು ಮುಂಬಯಿಯಲ್ಲಿ ವಿಷನ್ ಟಿ ಎಂಬ ಇನ್ನೊಂದು ಮಾದರಿ ಬಂತು. ಎರಡೂ ನೋಡುವುದಕ್ಕೆ ಇಟ್ಟವು, ಮಾರುವುದಕ್ಕಲ್ಲ. ನಡುವೆ 2025ರ ಜೂನ್ ತಿಂಗಳಲ್ಲಿ ಟಾಟಾದವರ ಹ್ಯಾರಿಯರ್ ವಿದ್ಯುತ್ ಗಾಡಿ, ಮುಂದೊಂದು ಹಿಂದೊಂದು ಮೋಟಾರು ಇಟ್ಟುಕೊಂಡು, ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ರೂಪದಲ್ಲಿ ಪೇಟೆಗೇ ಇಳಿಯಿತು. ಇನ್ನು ಸಿರಿವಂತರ ಲೋಕದಲ್ಲಿ 2024ರ ಏಪ್ರಿಲ್‌ನಲ್ಲಿ ಮರ್ಸಿಡಿಸ್ ಕಂಪನಿ ತನ್ನ ಹೆಸರಾಂತ ಜಿ ವ್ಯಾಗನ್ನನ್ನು ನಾಲ್ಕು ಚಕ್ರಕ್ಕೆ ನಾಲ್ಕು ಮೋಟಾರು ಕೂರಿಸಿ ಹೊರತಂದಿತು. 2025ರ ಜನವರಿಯಲ್ಲಿ ಅದು ಭಾರತಕ್ಕೆ ಬಂದಾಗ ಬೆಲೆ ಸುಮಾರು 3 ಕೋಟಿ ರೂಪಾಯಿ. ಆ ಹಣಕ್ಕೆ ಒಳ್ಳೆಯ ತೋಟವೇ ಬರುತ್ತದಲ್ಲ ಎಂದು ಮದುವೆ ಮನೆಯ ಸಭೆ ಅದನ್ನು ಚರ್ಚೆಯಿಂದ ಕೈಬಿಟ್ಟಿತು.

ಹಾಗೆಂದು ವಿದ್ಯುತ್ ಗಾಡಿ ಕನ್ನಡ ನಾಡಿಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ಎರಡು ಬಾಗಿಲ ಕಾರು ಮಾರಾಟಕ್ಕೆ ಬಂದಿತ್ತು. ಸೀಸದ ಬ್ಯಾಟರಿಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಆ ಗಾಡಿ ಲಂಡನ್ನಿನ ಬೀದಿಗಳಲ್ಲೂ ಓಡಾಡಿತು. 2010ರಲ್ಲಿ ಮಹೀಂದ್ರಾ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಆದರೆ ಮಲ್ಲೇಶ್ವರದಿಂದ ಜಯನಗರಕ್ಕೆ ಹೋಗುವ ಮಾತು ಬೇರೆ, ಮಳೆಗಾಲದಲ್ಲಿ ಕಟ್ಟಿನಹೊಳೆಯಿಂದ ಕೊಡಚಾದ್ರಿಯ ನೆತ್ತಿಗೆ ಹೋಗುವ ಮಾತು ಬೇರೆ. ರೇವಾವನ್ನು ನೋಡಿ ಜೀಪಿನವರು ನಕ್ಕು ಸುಮ್ಮನಾಗಿದ್ದರು. ಈಗ ನಗುವಂತಿಲ್ಲ. ಸವಾಲು ತಮ್ಮ ಅಂಗಳಕ್ಕೇ ಬಂದಿದೆ.

ಹಾಗಾದರೆ ಈ ಜೀಪು ಮೋಹಿಗಳಿಗೆ ಬೇಕಾದದ್ದೇನು? ಜಾಹೀರಾತಿನವರು ತಿಳಿದಿರುವುದು ಬೇರೆ. ಅವರು ನೂರು ಕಿಲೋಮೀಟರ್ ವೇಗವನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತದೆ ಎಂದು ಮೊದಲ ಸಾಲಿನಲ್ಲೇ ಬರೆಯುತ್ತಾರೆ. ಕೊಟ್ಟಿಗೆಹಾರದ ದಾರಿಯಲ್ಲಿ ಮಂಜು ಮುಸುಕಿದಾಗ ಇಪ್ಪತ್ತು ಕಿಲೋಮೀಟರ್ ವೇಗ ಮುಟ್ಟಿದರೇ ಅದು ಸಾಹಸ. ಜೀಪಿನವನಿಗೆ ಬೇಕಾದದ್ದು ನಿಧಾನ. ಆಮೆಯ ಹಾಗೆ, ಆದರೆ ನಿಲ್ಲದೆ, ಕಲ್ಲಿನಿಂದ ಕಲ್ಲಿಗೆ ಚಕ್ರ ಇಟ್ಟು ಏರುವ ನಿಧಾನ.

ಈ ಒಂದು ವಿಷಯದಲ್ಲಿ ವಿದ್ಯುತ್ ಮೋಟಾರು ಹುಟ್ಟುಪ್ರತಿಭೆ. ಡೀಸೆಲ್ ಎಂಜಿನ್ನು ಸಾವಿರ ಚಿಲ್ಲರೆ ಸುತ್ತು ತಿರುಗದೆ ಮೈಗೆ ಬಲ ತಂದುಕೊಳ್ಳುವುದಿಲ್ಲ. ಅದಕ್ಕೇ ಏರಿನ ನಡುವೆ ನಿಂತುಬಿಟ್ಟರೆ ಹಾಫ್ ಕ್ಲಚ್ಚಿನ ಕಸರತ್ತು ಬೇಕು. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿಗೂ ಆ್ಯಕ್ಸಿಲರೇಟರಿಗೂ ಹಂಚಿಕೆ, ಕೈ ಹ್ಯಾಂಡ್‌ಬ್ರೇಕಿನ ಮೇಲೆ, ಪ್ರಾಣ ಕೈಯಲ್ಲಿ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಮೂಗಿಗೆ ಬಡಿದರೆ ಅಂದಿನ ದಿನದ ಲೆಕ್ಕಾಚಾರವೇ ತಲೆಕೆಳಗು. ಮೋಟಾರಿಗೆ ಈ ರಗಳೆಯಿಲ್ಲ. ನಿಂತ ನಿಲುವಿನಲ್ಲೇ, ಸೊನ್ನೆ ಸುತ್ತಿನಲ್ಲೇ ಅದರ ಪೂರ್ತಿ ಬಲ ಚಕ್ರಕ್ಕೆ ಸಿಗುತ್ತದೆ. ಕ್ಲಚ್ಚಿಲ್ಲ, ಬಂದ್ ಬೀಳುವ ಎಂಜಿನ್ನಿಲ್ಲ. ತೋಟದ ಮನೆಗಳಲ್ಲಿ ಡ್ರೈವಿಂಗ್ ಕಲಿತೂ ಏರಿನಲ್ಲಿ ಜಾರುವ ಭಯಕ್ಕೆ ಸ್ಟಿಯರಿಂಗ್ ಮುಟ್ಟದೆ ಕೂತ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಈ ಒಂದು ಗುಣಕ್ಕಾಗಿಯೇ ಅವರು ಹೊಸ ಗಾಡಿಯನ್ನು ಮನೆತುಂಬಿಸಿಕೊಂಡಾರು. "ನೀವು ಗಂಡಸರು ಕ್ಲಚ್ಚನ್ನೇ ದೊಡ್ಡ ವಿದ್ಯೆ ಮಾಡ್ಕೊಂಡಿದೀರಿ" ಎಂದು ಅವರು ಹೇಳಿದರೆ ಮದುವೆ ಮನೆಯ ಸಭೆಯಲ್ಲಿ ಉತ್ತರ ಕೊಡುವವರಿಲ್ಲ.

ಹತ್ತುವುದು ಸರಿ. ಎಷ್ಟು ಕರೆಂಟು ತಿಂದೀತು? ಹೈಸ್ಕೂಲಿನ ಭೌತಶಾಸ್ತ್ರದಿಂದಲೇ ಲೆಕ್ಕ ಹಾಕಬಹುದು. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಗುವ ಗಾಡಿಯನ್ನು ಸಾವಿರ ಮೀಟರ್ ಮೇಲಕ್ಕೆತ್ತಲು ಬೇಕಾದ ಶಕ್ತಿ ಸುಮಾರು 7 ಯೂನಿಟ್. ಕೆಸರು, ಕಲ್ಲು, ಜಾರಿದ ಚಕ್ರ ಎಲ್ಲ ಸೇರಿ ಅದು ಇಮ್ಮಡಿಯಾಯಿತೆಂದೇ ಇಟ್ಟುಕೊಳ್ಳಿ. 1,343 ಮೀಟರ್ ಎತ್ತರದ ಕೊಡಚಾದ್ರಿಯಂಥ ಬೆಟ್ಟ ಹತ್ತಲು 60 ಯೂನಿಟ್ ಬ್ಯಾಟರಿ ಧಾರಾಳ. ಇಳಿಯುವಾಗ ಇನ್ನೂ ಮಜಾ. ಆಗ ಮೋಟಾರು ಜನರೇಟರಾಗುತ್ತದೆ. ಚಕ್ರವನ್ನು ತಡೆದು ನಿಲ್ಲಿಸುತ್ತಲೇ ಒಂದಿಷ್ಟು ಕರೆಂಟನ್ನು ಬ್ಯಾಟರಿಗೆ ಮರಳಿಸುತ್ತದೆ. ಘಾಟಿ ಇಳಿಯುವಾಗ ಬ್ರೇಕು ಕಾದು ಹೊಗೆಯಾಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಒಂದು ಕೊಕ್ಕೆ ಇದೆ. ಮನೆ ಬೆಟ್ಟದ ಮೇಲೆಯೇ ಇದ್ದು, ರಾತ್ರಿಯಿಡೀ ಚಾರ್ಜು ಮಾಡಿ, ಬೆಳಿಗ್ಗೆ ತುಂಬಿದ ಬ್ಯಾಟರಿಯೊಂದಿಗೆ ಇಳಿಯಲು ಹೊರಟರೆ ಹುಟ್ಟಿದ ಕರೆಂಟು ಹೋಗುವುದೆಲ್ಲಿಗೆ? ತುಂಬಿದ ಕೊಡಕ್ಕೆ ನೀರು ಹಿಡಿಯದು. ಆಗ ಮೋಟಾರಿನ ತಡೆ ಕಡಿಮೆಯಾಗಿ ಭಾರವೆಲ್ಲ ಸಾಮಾನ್ಯ ಬ್ರೇಕಿನ ಮೇಲೆ ಬೀಳುತ್ತದೆ. ಬೆಟ್ಟದ ಮೇಲಿನವರು ಬ್ಯಾಟರಿಯನ್ನು ಪೂರ್ತಿ ತುಂಬದೆ ಹೊರಡುವುದನ್ನು ಕಲಿಯಬೇಕು. ಗಾಡಿ ಮಾಡುವವರು ಇಂಥ ಮನೆಗಳೂ ಇವೆಯೆಂದು ನೆನಪಿಟ್ಟುಕೊಂಡು ಬ್ರೇಕು ಕೂರಿಸಬೇಕು.

ಮುಂದಿನ ಬೇಡಿಕೆ ತೂಕದ್ದು. ಜೀಪಿನ ಮೂಲಪುರುಷ 1941ರ ವಿಲ್ಲೀಸ್. ಎರಡನೆಯ ಮಹಾಯುದ್ಧಕ್ಕೆಂದು ಹುಟ್ಟಿದ ಆ ಗಾಡಿಯ ತೂಕ ಒಂದು ಟನ್ನಿಗೆ ಸ್ವಲ್ಪ ಹೆಚ್ಚು, ಬಲ 60 ಅಶ್ವಶಕ್ತಿ. ಹೂತುಕೊಂಡರೆ ನಾಲ್ಕು ಜನ ಇಳಿದು ಹೆಗಲು ಕೊಟ್ಟರೆ ಸಾಕಿತ್ತು. ಮಲೆನಾಡಿನ ಹಳೆಯ ಜೀಪುಗಳೆಲ್ಲ ಅದರದೇ ಸಂತಾನ. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ಜನ ಇಂದಿಗೂ ಪ್ರೀತಿಸುವುದು ಅದರ ಹಗುರ ಮೈಗಾಗಿ. ವಿದ್ಯುತ್ ಗಾಡಿಗಳ ಕಥೆ ಇದಕ್ಕೆ ವಿರುದ್ಧ. ಮರ್ಸಿಡಿಸ್‌ನ ಆ ಜಿ ವ್ಯಾಗನ್ 3,085 ಕಿಲೋ ತೂಗುತ್ತದೆ. ಅಮೆರಿಕದ ಹಮ್ಮರ್ ವಿದ್ಯುತ್ ಗಾಡಿಯ ತೂಕ ನಾಲ್ಕು ಟನ್ ದಾಟುತ್ತದೆ, ಅದರಲ್ಲಿ ಬ್ಯಾಟರಿಯ ಪಾಲೇ ಒಂದೂಕಾಲು ಟನ್ನಿಗೂ ಮಿಕ್ಕಿದ್ದು. ಅಂದರೆ ಒಂದು ಹಳೆಯ ವಿಲ್ಲೀಸನ್ನೇ ಬೆನ್ನಿಗೆ ಕಟ್ಟಿಕೊಂಡು ಓಡಾಡಿದ ಹಾಗೆ.

ಇದಕ್ಕೆ ಕಾರಣ ಸರಳ. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಅಡಗಿದೆ. ಎಂಜಿನ್ನು ಅದರಲ್ಲಿ ಮೂರನೆಯ ಎರಡು ಪಾಲನ್ನು ಬಿಸಿಯಾಗಿ, ಹೊಗೆಯಾಗಿ ಹಾಳುಮಾಡಿದರೂ 60 ಲೀಟರ್ ಟ್ಯಾಂಕಿನಿಂದ 200 ಯೂನಿಟ್‌ನಷ್ಟು ಕೆಲಸ ಸಿಕ್ಕೀತು. ಆ ಡೀಸೆಲ್ಲಿನ ತೂಕ 50 ಕಿಲೋ, ಉರಿದಂತೆ ಅದೂ ಇಳಿಯುತ್ತದೆ. ಬ್ಯಾಟರಿ ಹಾಗಲ್ಲ. 75 ಯೂನಿಟ್ ಹಿಡಿಯುವ ಬ್ಯಾಟರಿ ನಾಲ್ಕೈದು ಕ್ವಿಂಟಲ್ ತೂಗುತ್ತದೆ, ಖಾಲಿಯಾದರೂ ಅಷ್ಟೇ ತೂಗುತ್ತದೆ. ದುಡಿಮೆ ಮುಗಿದ ಮೇಲೂ ಜಗ್ಗದೆ ಕೂತ ನೆಂಟನ ಹಾಗೆ. ಆದ್ದರಿಂದ ತಿಳಿದವರ ಕೋರಿಕೆ: ಐನೂರು ಆರುನೂರು ಕಿಲೋಮೀಟರಿನ ಆಸೆ ತೋರಿಸಿ ಬ್ಯಾಟರಿ ದಪ್ಪ ಮಾಡಬೇಡಿ. ತೋಟ, ಪೇಟೆ, ಆಸ್ಪತ್ರೆ, ಬೆಟ್ಟ ಇಷ್ಟಕ್ಕೆ ದಿನಕ್ಕೆ ನೂರು ಕಿಲೋಮೀಟರ್ ಓಡಿಸಿದರೇ ಹೆಚ್ಚು. ಮಳೆ, ಏರು, ಕೆಸರು ಎಲ್ಲ ಕಳೆದು ಇನ್ನೂರು ಕಿಲೋಮೀಟರ್ ನಿಜವಾಗಿ ಓಡಲಿ. ಮೈ ಹಗುರವಿರಲಿ, ಹೊಟ್ಟೆ ನೆಲದಿಂದ ಎತ್ತರವಿರಲಿ.

ಹೊಟ್ಟೆಯ ವಿಷಯ ಸಣ್ಣದಲ್ಲ. ಡೀಸೆಲ್ ಜೀಪಿನ ಅಡಿ ಕಲ್ಲಿಗೆ ಬಡಿದರೆ ಸೈಲೆನ್ಸರು ನೆಗ್ಗೀತು, ಹೆಚ್ಚೆಂದರೆ ಡಿಫರೆನ್ಷಿಯಲ್ಲಿನ ಎಣ್ಣೆ ಸೋರೀತು. ವಿದ್ಯುತ್ ಗಾಡಿಯ ಅಡಿಯಲ್ಲಿ ಹಾಸಿಕೊಂಡಿರುವುದು ಬ್ಯಾಟರಿ. ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಅದರದೇ. ಕಲ್ಲು ಹೊಕ್ಕು ಅದು ಗಾಯಗೊಂಡರೆ ಖರ್ಚಷ್ಟೇ ಅಲ್ಲ, ಬೆಂಕಿಯ ಭಯವೂ ಇದೆ. ಜಿ ವ್ಯಾಗನ್ನಿನವರು ಬ್ಯಾಟರಿಯನ್ನು ಏಣಿಯಂಥ ಉಕ್ಕಿನ ಛಾಸಿಯೊಳಗೆ ಹುದುಗಿಸಿ, ಕೆಳಗೆ ಕಾರ್ಬನ್ ನಾರು ಬೆರೆಸಿದ ದಪ್ಪ ಹಲಗೆಯನ್ನು ಕವಚವಾಗಿ ಕೊಟ್ಟಿದ್ದಾರೆ. ಮೂರು ಕೋಟಿಯ ಗಾಡಿಗೆ ಸಿಕ್ಕ ಕವಚ ಇಪ್ಪತ್ತು ಲಕ್ಷದ ಗಾಡಿಗೂ ಯಾವುದಾದರೂ ರೂಪದಲ್ಲಿ ಸಿಗಬೇಕೆಂಬುದು ಜೀಪಿನವರ ವಾದ. ಕಲ್ಲು ಗಾಡಿಯ ಬೆಲೆ ನೋಡಿ ಬಡಿಯುವುದಿಲ್ಲವಲ್ಲ.

ನೀರಿನ ಬಗ್ಗೆ ಇರುವಷ್ಟು ಅನುಮಾನ ಬೇರೆ ಯಾವುದರ ಬಗ್ಗೆಯೂ ಇಲ್ಲ. "ಹೊಳೆಗೆ ಇಳಿದ್ರೆ ಕರೆಂಟ್ ಹೊಡಿಯಲ್ವ?" ಎಂಬ ಪ್ರಶ್ನೆಯನ್ನು ಓದಿದವರೂ ಕೇಳುತ್ತಾರೆ. ವಾಸ್ತವ ತಿರುವುಮುರುವು. ಹೊಳೆ ದಾಟುವಾಗ ಡೀಸೆಲ್ ಜೀಪಿನ ದೊಡ್ಡ ಶತ್ರು ಅದರ ಉಸಿರು. ಗಾಳಿ ಎಳೆದುಕೊಳ್ಳುವ ಕೊಳವೆಗೆ ನೀರು ನುಗ್ಗಿದರೆ ಎಂಜಿನ್ನಿನ ಕನೆಕ್ಟಿಂಗ್ ರಾಡು ಬಾಗಿ ಕೂರುತ್ತದೆ. ಮೋಟಾರು ಉಸಿರಾಡುವುದಿಲ್ಲ. ಬ್ಯಾಟರಿಯ ಪೆಟ್ಟಿಗೆಯನ್ನು ನೀರು ನುಸುಳದಂತೆ ಬಿಗಿದು ಮುಚ್ಚಿರುತ್ತಾರೆ. ತಾಂತ್ರಿಕ ಭಾಷೆಯಲ್ಲಿ ಐಪಿ 67 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರೂ ತಡೆಯಬೇಕು ಎಂದು ಅರ್ಥ. ವಿದ್ಯುತ್ ಜಿ ವ್ಯಾಗನ್ 850 ಮಿಲಿಮೀಟರ್ ಆಳದ ನೀರಿನಲ್ಲಿ ಸಾಗಬಲ್ಲದೆಂದು ಕಂಪನಿಯೇ ಹೇಳುತ್ತದೆ. 2020ರ ಥಾರ್‌ಗೆ ಹೇಳಿರುವುದು 650 ಮಿಲಿಮೀಟರ್.

ಆದರೆ ಪ್ರಯೋಗಾಲಯದ ತೊಟ್ಟಿಯ ನೀರಿಗೂ ಆಷಾಢದ ಹೊಳೆಗೂ ಅಂತರವಿದೆ. ತೊಟ್ಟಿಯ ನೀರು ನಿಂತಿರುತ್ತದೆ, ಹೊಳೆ ಎಳೆಯುತ್ತದೆ. ಬಿಗಿಯಾಗಿ ಮುಚ್ಚಿದ ಅಗಲ ಹೊಟ್ಟೆಯ ಗಾಡಿ ಒಂದು ಆಳದ ಮೇಲೆ ದೋಣಿಯಂತೆ ತೇಲಲು ಹವಣಿಸುತ್ತದೆ. ಚಕ್ರದ ಹಿಡಿತ ತಪ್ಪುವುದು ಆಗಲೇ. ಏರು ಹತ್ತಿ ಕಾದ ಮೋಟಾರು ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುವ ಅಪಾಯವೂ ಇದೆ. ಹೊಸ ಗಾಡಿಯ ಸೀಲು ಬಿಗಿಯಾಗಿಯೇ ಇರುತ್ತದೆ. ಹತ್ತು ಮಳೆಗಾಲ ಕಂಡ ಗಾಡಿಯ ಸೀಲು? ಜೀಪಿನವರು ಕೇಳುವುದು ಈ ಪ್ರಶ್ನೆಗೆ ಉತ್ತರ. ಅವರ ಜೀಪುಗಳಿಗೆ ಮೂವತ್ತು ನಲವತ್ತು ವರ್ಷ ವಯಸ್ಸು. ಅಪ್ಪ ಕೊಂಡದ್ದನ್ನು ಮಗ ಓಡಿಸುತ್ತಿದ್ದಾನೆ. ಎಂಟು ವರ್ಷದ ವಾರಂಟಿ ಎಂದು ಹೇಳಿದರೆ ಅವರಿಗೆ ಅದು ಬಾಲ್ಯವೆಂದೇ ಕೇಳಿಸುತ್ತದೆ.

ಮೇಸ್ತ್ರಿಗಳ ಕಥೆ ಇನ್ನೊಂದು. ಬಣಕಲ್ಲೋ, ಹಾನುಬಾಳೋ, ಕಳಸವೋ, ಊರಿಗೊಬ್ಬ ಜೀಪಿನ ಮೇಸ್ತ್ರಿ ಇದ್ದೇ ಇರುತ್ತಾನೆ. ಹತ್ತು ಹನ್ನೆರಡು ಸ್ಪ್ಯಾನರು, ಒಂದು ಸುತ್ತಿಗೆ, ಗ್ರೀಸು ಮೆತ್ತಿದ ಕಿವಿ, ಇಷ್ಟೇ ಅವನ ಉಪಕರಣ. ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾನೆ. ಸೆಲ್ಫ್ ಕೆಟ್ಟ ಜೀಪನ್ನು ಇಳಿಜಾರಿನಲ್ಲಿ ನಿಲ್ಲಿಸಿಕೊಂಡೇ ವರ್ಷಗಟ್ಟಲೆ ಸಂಸಾರ ಮಾಡಿದವರಿದ್ದಾರೆ. ಬೆಳಿಗ್ಗೆ ಹ್ಯಾಂಡ್‌ಬ್ರೇಕು ಬಿಟ್ಟರೆ ಸಾಕು, ಉರುಳುತ್ತ ಸ್ಟಾರ್ಟು ಆಗುತ್ತಿತ್ತು. ವಿದ್ಯುತ್ ಗಾಡಿಯಲ್ಲಿ ಆ ಉಪಾಯ ನಡೆಯದು. ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿಯನ್ನು ಎಬ್ಬಿಸುವುದು ಮೂಲೆಯಲ್ಲಿರುವ ಸಾಮಾನ್ಯ 12 ವೋಲ್ಟಿನ ಪುಟ್ಟ ಬ್ಯಾಟರಿ. ಅದು ಮಲಗಿದರೆ ಇಡೀ ಗಾಡಿ ಮಲಗಿತು. ಅರಸ ಆರೋಗ್ಯವಾಗಿದ್ದಾನೆ, ಬಾಗಿಲು ತೆಗೆಯುವ ಆಳಿಗೆ ಜ್ವರ! ಹೂತ ಗಾಡಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ದೂರದವರೆಗೆ ಎಳೆಯುವಂತೆಯೂ ಇಲ್ಲ. ಚಕ್ರ ತಿರುಗಿದರೆ ಮೋಟಾರಿನಲ್ಲಿ ಕರೆಂಟು ಹುಟ್ಟೀತು, ಚಕ್ರ ನೆಲಕ್ಕೆ ತಾಗಿಸಿ ಎಳೆಯಬೇಡಿ ಎಂದು ತಯಾರಕರಲ್ಲಿ ಹೆಚ್ಚಿನವರು ಎಚ್ಚರಿಸುತ್ತಾರೆ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮೇಸ್ತ್ರಿ ಮುಟ್ಟುವ ಹಾಗಿಲ್ಲ. ಅವುಗಳಲ್ಲಿ ಹರಿಯುವುದು ಪ್ರಾಣ ತೆಗೆಯುವಷ್ಟು ವೋಲ್ಟೇಜು.

ಹಾಗೆಂದು ಮೇಸ್ತ್ರಿಯನ್ನು ಮನೆಗೆ ಕಳಿಸಿದರೆ ಸರಿಯಾದೀತೆ? ಜೀಪು ಮೋಹಿಗಳ ಬೇಡಿಕೆಗಳಲ್ಲೆಲ್ಲ ಬಹುಶಃ ಇದೇ ಹೆಚ್ಚು ತೂಕದ್ದು. ಬ್ಯಾಟರಿ, ಮೋಟಾರು ಕಂಪನಿಯವರಲ್ಲೇ ಇರಲಿ. ಉಳಿದ ಸ್ಪ್ರಿಂಗು, ಬ್ರೇಕು, ಆ್ಯಕ್ಸಲು, ಸ್ಟಿಯರಿಂಗು ಊರಿನ ಕೈಗೆ ಸಿಗುವಂತಿರಲಿ. ಮೇಸ್ತ್ರಿಗಳನ್ನು ಕರೆದು ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂದು ಕಂಪನಿಯವರೇ ಕಲಿಸಲಿ. ಅಸಾಧ್ಯವೇನಲ್ಲ. 2023ರಲ್ಲಿ ಭಾರತೀಯ ಸೇನೆ ಐಐಟಿ ದೆಹಲಿಯ ನೆರವಿನಿಂದ ಹಳೆಯ ಜಿಪ್ಸಿಯೊಂದನ್ನು ವಿದ್ಯುತ್ತಿಗೆ ಮಾರ್ಪಡಿಸಿ ತನ್ನ ಕಮಾಂಡರುಗಳ ಸಮಾವೇಶದಲ್ಲಿ ತೋರಿಸಿತು. ಹಳೆಯ ಮೈಗೆ ಹೊಸ ಜೀವ ಹಾಕುವುದು ಸಾಧ್ಯವೆಂದ ಮೇಲೆ ಹಳೆಯ ಕೈಗೆ ಹೊಸ ವಿದ್ಯೆ ಕಲಿಸುವುದೂ ಸಾಧ್ಯ.

ಇನ್ನು ಫೋರ್ ವೀಲ್ ಲಿವರಿನ ವ್ಯಾಮೋಹ. ಜೀಪಿನ ಗೇರಿನ ಪಕ್ಕದಲ್ಲಿ ಕಿರಿಯ ತಮ್ಮನಂತೆ ನಿಂತಿರುವ ಆ ಲಿವರನ್ನು ಲೋಗೆ ಎಳೆದಾಗ ಬರುವ ಕಟಕ್ ಸದ್ದಿನಲ್ಲಿ ಒಂದು ಅಭಯವಿದೆ. ಹೊಸ ಗಾಡಿಯಲ್ಲಿ ಅದು ಪರದೆಯ ಮೇಲಿನ ಚಿತ್ರವಾಗುತ್ತದೆ. ಕೆಸರು ಮೆತ್ತಿದ ಬೆರಳಿಗೆ ಪರದೆ ಒಲಿಯುವುದಿಲ್ಲ. ಕುಲುಕಾಟದಲ್ಲಿ ಬೆರಳು ಹಾಡಿನ ಮೇಲೆ ಬಿದ್ದು, ಚಕ್ರ ಜಾರುವ ಹೊತ್ತಿಗೆ ಸುಪ್ರಭಾತ ಶುರುವಾದೀತು. ಇದು ಬರೀ ಭಾವುಕತೆಯಲ್ಲ, ತಾಂತ್ರಿಕ ತಕರಾರೂ ಇದೆ. ಹಳೆಯ ಫೋರ್ ವೀಲಿನಲ್ಲಿ ಒಂದೇ ಎಂಜಿನ್ನಿನ ಬಲ ಮುಂದಕ್ಕೂ ಹಿಂದಕ್ಕೂ ಕಬ್ಬಿಣದ ಶಾಫ್ಟಿನ ಮೂಲಕ ಹೋಗುತ್ತದೆ. ಮುಂದಿನ ಚಕ್ರಗಳು ಕೆಸರಿನಲ್ಲಿ ಹಿಡಿತ ತಪ್ಪಿದರೆ ಅಷ್ಟೂ ಬಲ ಹಿಂದಿನ ಚಕ್ರಕ್ಕೆ ದಕ್ಕುತ್ತದೆ. ಎರಡು ಮೋಟಾರಿನ ಗಾಡಿಯಲ್ಲಿ ಮುಂದಿನದಕ್ಕೂ ಹಿಂದಿನದಕ್ಕೂ ನಂಟಿಲ್ಲ, ಬೇರೆಯಾದ ಅಣ್ಣತಮ್ಮಂದಿರ ಹಾಗೆ. ಮುಂದಿನ ಮೋಟಾರು ಗಾಳಿಯಲ್ಲಿ ತಿರುಗುತ್ತಿದ್ದರೆ ಅದರ ಬಲ ಹಿಂದಿನವನ ಕಷ್ಟಕ್ಕೆ ಬರುವುದಿಲ್ಲ. ಚಕ್ರ ತಿರುಗದೆ ಮೋಟಾರು ಮುಕ್ಕುತ್ತ ನಿಂತರೆ ಕರೆಂಟೆಲ್ಲ ಬಿಸಿಯಾಗುತ್ತದೆ. ಅದಕ್ಕೇ ಬಲ್ಲವರು ಡಿಫರೆನ್ಷಿಯಲ್ ಲಾಕೋ, ಲೋ ಗೇರೋ, ಎರಡರಲ್ಲಿ ಒಂದಾದರೂ ಬೇಕೇ ಬೇಕು ಎನ್ನುವುದು. ನಾಲ್ಕು ಮೋಟಾರಿನ ಜಿ ವ್ಯಾಗನ್ನಿನವರೂ ಪ್ರತಿ ಚಕ್ರಕ್ಕೆ ಲೋ ಗೇರು ಕೊಟ್ಟಿರುವುದನ್ನು ಅವರು ಬೊಟ್ಟು ಮಾಡಿ ತೋರಿಸುತ್ತಾರೆ.

ಇದರ ಹಿಂದೆ ಇನ್ನೊಂದು ನೋವೂ ಇದೆ. ಹೊಸ ಗಾಡಿಗಳಲ್ಲಿ ಒಂದು ಗುಂಡಿ ಒತ್ತಿದರೆ ಗಾಡಿಯೇ ಏರು ಹತ್ತುತ್ತದೆ, ತಾನೇ ಇಳಿಯುತ್ತದೆ. ಚಾಲಕ ಸ್ಟಿಯರಿಂಗ್ ಹಿಡಿದರೆ ಸಾಕು. ಹಾಗಾದರೆ ಏರು ಹತ್ತಿದ್ದು ಯಾರು? ಎಲ್ಲಿ ಚಕ್ರ ಇಡಬೇಕು, ಎಲ್ಲಿ ಕಾಲು ಸಡಿಲಿಸಬೇಕು, ಟಯರಿನ ಗಾಳಿ ಎಷ್ಟು ಇಳಿಸಬೇಕು, ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಯಾವ ತಿರುವಿನಲ್ಲಿ ಸುತ್ತಬೇಕು ಎಂಬ ವಿದ್ಯೆಯನ್ನು ಕೊಡಚಾದ್ರಿಯ, ಮಾಂದಲಪಟ್ಟಿಯ ಚಾಲಕರು ಇಪ್ಪತ್ತು ವರ್ಷ ಹಗಲಿರುಳು ದುಡಿದು ಗಳಿಸಿದ್ದಾರೆ. ಅದನ್ನು ಒಂದು ಗುಂಡಿಗೆ ಅಡವಿಡಲು ಯಾರಿಗೆ ಮನಸ್ಸು ಬಂದೀತು? ಅವರು ಕೇಳುವುದಿಷ್ಟೆ. ಗುಂಡಿ ಇರಲಿ, ಕಲಿಯುವವರಿಗೆ ಬೇಕು. ಬೇಡವೆಂದವನಿಗೆ ಅದನ್ನು ಪೂರ್ತಿ ಆರಿಸುವ ಸ್ವಾತಂತ್ರ್ಯವೂ ಇರಲಿ.

ಸದ್ದಿನ ವಿಷಯದಲ್ಲಿ ಮಾತ್ರ ಸಭೆ ಎರಡು ಪಕ್ಷವಾಗುತ್ತದೆ. ಡೀಸೆಲ್ಲಿನ ಗುಡುಗುಡು ಇಲ್ಲದ ಜೀಪು ಚಂಡೆಯಿಲ್ಲದ ಯಕ್ಷಗಾನ ಎನ್ನುವವರು ಒಂದು ಕಡೆ. ಎಂಜಿನ್ ಇಲ್ಲದಿದ್ದರೆ ಹಳ್ಳದ ನೀರಿನ ಸದ್ದು, ಚಕ್ರದಡಿ ಕಲ್ಲು ಸರಿದ ಸದ್ದು, ಹಕ್ಕಿಯ ಕೂಗು ಎಲ್ಲ ಕೇಳುತ್ತದಲ್ಲ ಎನ್ನುವವರು ಇನ್ನೊಂದು ಕಡೆ. ಜಿ ವ್ಯಾಗನ್ನಿನವರು ಸ್ಪೀಕರಿನಿಂದ ಎಂಜಿನ್ನಿನ ಗರ್ಜನೆ ಕೇಳಿಸುವ ಏರ್ಪಾಡನ್ನೂ ಮಾಡಿದ್ದಾರೆ. ಆದರೆ ಕಾಡಂಚಿನವರ ಆತಂಕ ಈ ರಸಿಕತೆಗೆ ಸಿಕ್ಕದ್ದು. ಸಕಲೇಶಪುರ, ಕೊಡಗಿನ ತೋಟದ ದಾರಿಗಳಲ್ಲಿ ದೂರದಿಂದ ಕೇಳುವ ಜೀಪಿನ ಸದ್ದು ಆನೆಗೂ ಮುನ್ಸೂಚನೆ, ನಡೆದು ಬರುವ ಕೂಲಿಯವರಿಗೂ ಮುನ್ಸೂಚನೆ. ಸದ್ದಿಲ್ಲದ ಗಾಡಿ ತಿರುವಿನಲ್ಲಿ ಹಠಾತ್ತನೆ ಆನೆಯ ಮುಂದೆ ಪ್ರತ್ಯಕ್ಷವಾದರೆ ಬೆಚ್ಚಿದ ಆನೆ ಏನು ಮಾಡೀತೆಂದು ಯಾವ ಕಂಪನಿಯ ಕೈಪಿಡಿಯಲ್ಲೂ ಬರೆದಿರುವುದಿಲ್ಲ.

ಸದ್ದಿಲ್ಲವೆಂಬ ಮಾತ್ರಕ್ಕೆ ಗಾಡಿ ಸಾಧುವೂ ಆಗುವುದಿಲ್ಲ. ಹೊಗೆ ಬಿಡದು ನಿಜ. ಚಕ್ರ ಹುಲ್ಲನ್ನು ಸೀಳುವುದು ತಪ್ಪೀತೆ? ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲಿನ ಮೇಲೆ ಒಂದು ಜೀಪು ಹಾದುಹೋದ ಗುರುತು ಮುಂದಿನ ಮಳೆಗೆ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಗೆ ಕೊರಕಲು. ಎರಡು ಟನ್ನಿನ ಗಾಡಿಯ ಬದಲು ಮೂರು ಟನ್ನಿನದು ಹೋದರೆ ಗಾಯ ಇನ್ನೂ ಆಳ. ನಿಂತಲ್ಲೇ ಬುಗುರಿಯಂತೆ ಗರಗರ ತಿರುಗುವ ವಿದ್ಯೆಯನ್ನು ನಾಲ್ಕು ಮೋಟಾರಿನ ಗಾಡಿಗಳು ಕಲಿತಿವೆ. ನೋಡಲು ಸೊಗಸು, ನೆಲಕ್ಕೆ ಉಳುಮೆ. ಬೆಟ್ಟದ ದಾರಿ ಬಿಟ್ಟು ಹುಲ್ಲಿಗೆ ಇಳಿಯಬಾರದೆಂಬುದು ಹಳೆಯ ಜೀಪಿನವರ ಅಲಿಖಿತ ಶಾಸನ. ಹೊಸ ಗಾಡಿಯ ಜೊತೆಗೆ ಅದನ್ನೂ ಕೈಗಿಡಬೇಕು ಎಂದು ಹಿರಿಯರು ಹೇಳುತ್ತಾರೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬರುವ ಹುಡುಗರು ಕೇಳಿಸಿಕೊಂಡರೆ ಒಳ್ಳೆಯದು.

ಕೊನೆಗೆ ಬರುವುದು ಕರೆಂಟಿನ ಪ್ರಶ್ನೆ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮೂರು ದಿನ, ನಾಲ್ಕು ದಿನ ಕತ್ತಲೆ. ಕರೆಂಟಿದ್ದರೂ ಸಂಜೆ ವೋಲ್ಟೇಜು ಬಸವಳಿದಿರುತ್ತದೆ. ಮನೆಯ ಹದಿನೈದು ಆಂಪಿಯರ್ ಪ್ಲಗ್ಗಿನಿಂದ 75 ಯೂನಿಟ್ ತುಂಬಲು ಹೆಚ್ಚುಕಡಿಮೆ ಒಂದು ದಿನವೇ ಬೇಕು. ಡೀಸೆಲ್ಲಾದರೆ ಒಂದು ಕ್ಯಾನು ತಂದು ಕೊಟ್ಟಿಗೆಯಲ್ಲಿಟ್ಟರಾಯಿತು. ಕರೆಂಟನ್ನು ಕ್ಯಾನಿನಲ್ಲಿ ತರಲಾದೀತೆ?

ಇದಕ್ಕೆ ಇನ್ನೊಂದು ಮುಖವೂ ಇದೆ. ವಿದ್ಯುತ್ ಗಾಡಿಗಳಲ್ಲಿ ಕೆಲವು ತಮ್ಮ ಬ್ಯಾಟರಿಯಿಂದ ಹೊರಗಿನ ಉಪಕರಣಗಳಿಗೆ ಕರೆಂಟು ಕೊಡಬಲ್ಲವು. ದಿನಕ್ಕೆ ನಾಲ್ಕೈದು ಯೂನಿಟ್ ಬಳಸುವ ಮನೆಗೆ 60 ಯೂನಿಟ್ ಎಂದರೆ ಹತ್ತು ದಿನದ ದೀಪ, ಮಿಕ್ಸಿ, ಫ್ರಿಜ್ಜು, ಮೊಬೈಲು. ಕತ್ತಲಾದ ಹಳ್ಳಿಯಲ್ಲಿ ಅಂಗಳದ ಜೀಪು ಮನೆ ಬೆಳಗುತ್ತದೆಂದರೆ ಅದು ಜಾಹೀರಾತಿನ ಯಾವ ಮಾತಿಗಿಂತಲೂ ದೊಡ್ಡದು. ಆದರೆ ಮನೆಯ ಹಿರಿಯಾಕೆ ಕೇಳುವ ಪ್ರಶ್ನೆಗೆ ಉತ್ತರ ಬೇಕು. "ದೀಪ ಉರಿಸಿ ಉರಿಸಿ ಜೀಪು ಖಾಲಿ ಮಾಡಿ ಕೂತ್ರೆ, ರಾತ್ರಿ ಯಾರಿಗಾದ್ರೂ ಎದೆನೋವು ಬಂದ್ರೆ ಎಂತ ಮಾಡ್ತೀರಿ?"

ಜೀಪಿನ ಮೋಹದ ತಿರುಳು ಇರುವುದು ಇಲ್ಲಿಯೇ. ಹವ್ಯಾಸಕ್ಕೆ ಕೆಸರಾಡುವವರೂ ಜೀಪನ್ನು ನಂಬಿ ಬದುಕುವವರೂ ಬೇರೆ ಬೇರೆ ಜಾತಿಯವರೆಂದು ಪೇಟೆಯವರು ಭಾವಿಸುತ್ತಾರೆ. ಮಲೆನಾಡಿನಲ್ಲಿ ಇಬ್ಬರೂ ಒಬ್ಬರೇ. ಭಾನುವಾರ ಪಂಥ ಕಟ್ಟಿ ಏರು ಹತ್ತಿಸಿದ ಅದೇ ಜೀಪು ಸೋಮವಾರ ಗೊಬ್ಬರ ಹೊರುತ್ತದೆ, ಶಾಲೆಯ ಮಕ್ಕಳನ್ನು ಹೊರುತ್ತದೆ. ನಡುರಾತ್ರಿ ಬಾಗಿಲು ತಟ್ಟಿದ ನೆರೆಮನೆಯವರ ಬಸುರಿ ಹೆಂಡತಿಯನ್ನು ಮಲಗಿಸಿಕೊಂಡು ಸೇತುವೆಯಿಲ್ಲದ ಹಳ್ಳ ದಾಟಿ ಆಸ್ಪತ್ರೆಯ ಬಾಗಿಲು ಮುಟ್ಟಿಸುತ್ತದೆ. ಆ ರಾತ್ರಿ ಜೀಪಿನವನು ಏರಿನ ಸಂಭ್ರಮ ನೋಡುವುದಿಲ್ಲ, ಮುಳ್ಳು ಎಲ್ಲಿದೆ ಎಂದು ನೋಡುತ್ತಾನೆ. ಡೀಸೆಲ್ ಮುಳ್ಳು ಸುಳ್ಳು ಹೇಳಿದರೂ ಡಬ್ಬಿಗೆ ಕಡ್ಡಿ ಇಳಿಸಿ ನೋಡಿಕೊಳ್ಳಬಹುದಿತ್ತು. ಬ್ಯಾಟರಿಗೆ ಕಡ್ಡಿ ಇಳಿಸಲಾಗದು, ಪರದೆ ಹೇಳಿದ್ದನ್ನೇ ನಂಬಬೇಕು. ಅದಕ್ಕೇ ಆ ಪರದೆಯ ಲೆಕ್ಕ ಸತ್ಯವಾಗಿರಬೇಕೆಂದು ಅವನು ಹಟ ಹಿಡಿಯುತ್ತಾನೆ. ಸಪಾಟು ರಸ್ತೆಯಲ್ಲಿ ಎಷ್ಟು ಓಡೀತೆಂಬ ಆಸೆಯ ಲೆಕ್ಕ ಅವನಿಗೆ ಬೇಡ, ಈ ಮಳೆಯಲ್ಲಿ, ಈ ಏರಿನಲ್ಲಿ, ಇಷ್ಟು ಭಾರಕ್ಕೆ ಎಷ್ಟು ಓಡೀತೆಂಬ ಲೆಕ್ಕ ಬೇಕು. ಮನೆಗೆ ದೀಪ ಕೊಡುವಾಗಲೂ ಆಸ್ಪತ್ರೆಗೆ ಹೋಗಿಬರುವಷ್ಟನ್ನು ಮುಟ್ಟದೆ ಕಾದಿಡುವ ಗಾಡಿ ಬೇಕು. ಬೆಲೆ ಅವನ ಕೈಗೆ ಎಟುಕಬೇಕು, ಕೆಟ್ಟರೆ ಊರಿನಲ್ಲೇ ಎದ್ದು ನಿಲ್ಲಬೇಕು.

ಇಷ್ಟನ್ನು ಕೊಟ್ಟ ದಿನ ಮದುವೆ ಮನೆಯ ಸಭೆ ಸದ್ದಿಲ್ಲದ ಜೀಪನ್ನೂ ತನ್ನ ಕಥೆಗಳೊಳಗೆ ಕರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹಳೆಯ ಡೀಸೆಲ್ ಜೀಪುಗಳು ಇಳಿಜಾರಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು, ಕೆಮ್ಮುತ್ತಲಾದರೂ ಕಾಯುತ್ತಿರುತ್ತವೆ.